ಎರಡೂ ಸರಿ ಎಂದರೆ ಒಂದೇ ಅಂಕ

ಆ ಶನಿವಾರವೂ ಡಿಕಾಕ್ಷನ್ ತಾನಾಗಿ ಇಳಿಯಲಿಲ್ಲ. ಫಿಲ್ಟರಿನ ತಲೆಗೆ ಚಮಚದಿಂದ ಮೆಲ್ಲಗೆ ತಟ್ಟಿದ ಮೇಲೆ ಹನಿಯತೊಡಗಿತು. ಹಾಲಿನ ಪ್ಯಾಕೆಟ್ಟಿನ ಮೂಲೆ ಪೂರ್ತಿ ಬೇರೆಯಾಗದ ಹಾಗೆ ಕತ್ತರಿಸಿ, ಹಾಲು ಒಲೆಗಿಟ್ಟೆ. ನನ್ನ ಗಂಡ ಪೇಪರಿನ ಹಿಂದಿನಿಂದ ಕೇಳಿದರು.

"ದೋಸೆಗೆ ಚಟ್ನಿನಾ, ಪಲ್ಯನಾ?"

"ನಿಮಗೆ ಯಾವುದು ಬೇಕು?"

"ನಿನಗೆ ಯಾವುದು ಸುಲಭ?"

"ಎರಡೂ ಸುಲಭಾನೇ."

ಹೀಗೆ ಮಾತಾಡಿಕೊಂಡು ನಮ್ಮ ಮನೆಯಲ್ಲಿ ಯಾವತ್ತೂ ಎರಡೂ ಆಗುತ್ತದೆ.

ಆರನೇ ಕ್ಲಾಸಿನ ಮಗಳನ್ನು ಕರೆದುಕೊಂಡು ನಾನು ಶಾಲೆಗೆ ಹೋಗಬೇಕಿತ್ತು. ಹೊರಗಿನ ಸಂಸ್ಥೆಯೊಂದು ಎಲ್ಲ ಶಾಲೆಗಳ ಮಕ್ಕಳಿಗೂ ಒಂದೇ ತರಹ ನಡೆಸುವ ಇಂಗ್ಲಿಷ್ ಪರೀಕ್ಷೆಯ ಫಲಿತಾಂಶ ಬಂದಿತ್ತು. ಅದಕ್ಕೆ ಅಂಕ ಹಾಕುವುದು ಹೇಗೆಂದು ಟೀಚರೇ ಪೋಷಕರಿಗೆ ವಿವರಿಸುತ್ತಾರಂತೆ.

"ಕಮ್ಮಿ ಬಂದಿದ್ರೆ ಸಾರಕ್ಕಿ ಸಿಗ್ನಲ್ ಹತ್ರ ಕೋಚಿಂಗ್ ಇದೆಯಲ್ಲ, ಸೇರಿಸಿಬಿಡೋಣ. ಏನಂತೀಯಾ?" ಎಂದರು ಗಂಡ.

"ಅದೂ ಒಳ್ಳೇದೇ," ಎಂದೆ.

ಒಳ್ಳೆಯದೇನೂ ಅನ್ನಿಸಿರಲಿಲ್ಲ. ಸಂಜೆ ಶಾಲೆಯಿಂದ ಬಂದ ಮಗಳು ಹಾಲು ಕುಡಿದು, ಮೇಲ್ತುಟಿಯ ಮೇಲೆ ಬಿಳಿ ಗೆರೆ ಇಟ್ಟುಕೊಂಡೇ ಊಟದ ಮೇಜಿಗೆ ಪುಸ್ತಕ ತರುತ್ತಾಳೆ. ಅಲ್ಲಿಂದ ಒಂದು ಗಂಟೆ ಅವಳಿಗೆ ಇಂಗ್ಲಿಷ್ ಹೇಳಿಕೊಡುವವಳು ನಾನು. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಕೈಕೆಳಗೆ ಕಲಿತದ್ದು ನನಗೆ ಉಪಯೋಗಕ್ಕೆ ಬರುವುದು ದಿನದಲ್ಲಿ ಆ ಹೊತ್ತಿನಲ್ಲಿ ಮಾತ್ರ. ಅದನ್ನು ಕೋಚಿಂಗ್‌ಗೆ ಬಿಟ್ಟುಕೊಡಲು ನನಗೆ ಸುತರಾಂ ಮನಸ್ಸಿರಲಿಲ್ಲ. ಆದರೆ "ಬೇಡ" ಅನ್ನುವ ಮಾತು ನನ್ನ ಬಾಯಿಂದ ಅಷ್ಟು ಸಲೀಸಾಗಿ ಬರುವುದಿಲ್ಲ.

ಶಾಲೆಯಲ್ಲಿ ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಮಡಚಿಕೊಂಡು ಕುಳಿತೆವು. ಚಿಕ್ಕ ವಯಸ್ಸಿನ ಟೀಚರು ಬಹಳ ತಾಳ್ಮೆಯಿಂದ ಶುರು ಮಾಡಿದರು. ಮುಂದಿನ ಬೆಂಚಿನ ತಂದೆಯೊಬ್ಬರು ಕೈ ಎತ್ತಿದರು.

"ಮೇಡಂ, ಇನ್ನೂರ ಹನ್ನೆರಡು ಅಂತಿದೆ. ಎಷ್ಟಕ್ಕೆ?"

"ಎಷ್ಟಕ್ಕೆ ಅಂತ ಇಲ್ಲ ಸಾರ್. ಒಂದು ವರ್ಷ ಪೇಪರ್ ಕಷ್ಟ ಇರುತ್ತೆ, ಇನ್ನೊಂದು ವರ್ಷ ಸುಲಭ. ಎರಡನ್ನೂ ಒಂದೇ ಅಳತೆಗೆ ತರೋಕೆ ಸರಿ ಉತ್ತರಗಳ ಲೆಕ್ಕಾನ ಬೇರೆ ಅಂಕಿಗೆ ಬದಲಾಯಿಸ್ತಾರೆ."

"ಅರ್ಥ ಆಯ್ತು ಮೇಡಂ. ಎಷ್ಟಕ್ಕೆ?"

ಟೀಚರು ನೀರು ಕುಡಿದರು. "ಪಕ್ಕದಲ್ಲಿ ಪರ್ಸೆಂಟೈಲ್ ನೋಡಿ ಸಾರ್. ಅರವತ್ತೊಂದು ಅಂತಿದೆ. ಅಂದ್ರೆ ಪರೀಕ್ಷೆ ಬರೆದವರಲ್ಲಿ ನೂರು ಮಕ್ಕಳನ್ನ ಸಾಲಾಗಿ ನಿಲ್ಲಿಸಿದ್ರೆ ಅರವತ್ತೊಂದು ಮಕ್ಕಳು ನಿಮ್ಮ ಮಗನ ಹಿಂದೆ ಇರ್ತಾರೆ."

ಆ ತಂದೆ ಒಮ್ಮೆ ಹಿಂದಿನ ಬೆಂಚುಗಳತ್ತ ತಿರುಗಿ ನೋಡಿ, ಸಮಾಧಾನಪಟ್ಟುಕೊಂಡು ಕುಳಿತರು.

ಪ್ರಬಂಧಕ್ಕೆ ಬೇರೆ ಕ್ರಮವಿತ್ತು. ಮಗು ಯಾರೆಂದು ಗೊತ್ತಿಲ್ಲದ ಇಬ್ಬರು, ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ತಿಳಿಯದ ಹಾಗೆ, ಬೇರೆ ಬೇರೆ ಓದುತ್ತಾರೆ. ನಿಲುವು ಸ್ಪಷ್ಟವಾಗಿದೆಯೇ, ಅದಕ್ಕೆ ಕಾರಣ, ಉದಾಹರಣೆ ಇವೆಯೇ, ಜೋಡಣೆ ಹೇಗಿದೆ, ಭಾಷೆ ಹೇಗಿದೆ ಎಂದು ನೋಡಿ ಒಂದೊಂದಕ್ಕೂ ನಾಲ್ಕರವರೆಗೆ ಅಂಕ ಹಾಕುತ್ತಾರೆ. ಇಬ್ಬರ ನಡುವೆ ಬಹಳ ವ್ಯತ್ಯಾಸ ಬಂದರೆ ಮೂರನೆಯವರು ಓದುತ್ತಾರೆ.

"ಕೈಬರಹಕ್ಕೆ?" ಎಂದು ಮೆಲ್ಲಗೆ ಕೇಳಿದೆ.

"ಅದಕ್ಕೆ ಅಂಕ ಇಲ್ಲ ಮೇಡಂ."

ಮಾರ್ಜಿನ್ ಹಾಕದಿದ್ದರೆ ನಮ್ಮ ಸಿಸ್ಟರ್ ಅರ್ಧ ಅಂಕ ಕಳೆಯುತ್ತಿದ್ದರು. ಇಲ್ಲಿ ಮಾರ್ಜಿನ್ನನ್ನು ಕೇಳುವವರೇ ಇಲ್ಲ.

ನನ್ನ ಸರದಿ ಬಂತು. ಮಗಳಿಗೆ ಭಾಷೆಯಲ್ಲಿ ನಾಲ್ಕಕ್ಕೆ ನಾಲ್ಕು ಬಂದಿತ್ತು. ನಿಲುವಿಗೆ ಒಂದು. "ಇಬ್ರೂ ಒಂದೇ ಕೊಟ್ಟಿದಾರೆ, ಮೂರನೆಯವರ ತನಕ ಹೋಗೇ ಇಲ್ಲ," ಎಂದು ಟೀಚರು ಪ್ರಬಂಧ ತೋರಿಸಿದರು. ಶನಿವಾರ, ಭಾನುವಾರಕ್ಕೆ ಹೋಮ್‌ವರ್ಕ್ ಕೊಡಬೇಕೇ ಎಂಬುದು ಪ್ರಶ್ನೆ. ಮಗಳು ದುಂಡಗಿನ ಅಕ್ಷರಗಳಲ್ಲಿ, ಚೊಕ್ಕ ಇಂಗ್ಲಿಷಿನಲ್ಲಿ ಬರೆದಿದ್ದಳು. ಕೆಲವರು ಕೊಡಬೇಕೆನ್ನುತ್ತಾರೆ, ಕೆಲವರು ಬೇಡವೆನ್ನುತ್ತಾರೆ, ಅವರವರ ಮಟ್ಟಿಗೆ ಇಬ್ಬರೂ ಸರಿ, ದೊಡ್ಡವರು ಯೋಚಿಸಿ ತೀರ್ಮಾನಿಸುತ್ತಾರೆ, ಓದಿದ್ದಕ್ಕೆ ಧನ್ಯವಾದಗಳು.

ನನ್ನದೇ ದನಿ ಕೇಳಿದ ಹಾಗಾಯಿತು.

"ಪೂರ್ತಿ ಓದಿದ್ರೂ ಇವಳಿಗೆ ಹೋಮ್‌ವರ್ಕ್ ಬೇಕೋ ಬೇಡ್ವೋ ನಮಗೆ ಗೊತ್ತಾಗಲ್ಲ," ಎಂದು ನಕ್ಕರು ಟೀಚರು. "ಮನೇಲಿ ಯಾರು ಹೇಳಿಕೊಡ್ತಾರೆ?"

ಮಗಳು ಅಂಗೈ ಪೂರ್ತಿ ಬಿಚ್ಚಿ ನನ್ನನ್ನು ತೋರಿಸಿದಳು. ಬೆರಳು ತೋರಿಸುವುದು ಒರಟು ಎಂದು ನಾನೇ ಕಲಿಸಿದ್ದೆ.

ಆಟೋದಲ್ಲಿ ಕೇಳಿದೆ. "ನಿನಗೆ ಹೋಮ್‌ವರ್ಕ್ ಬೇಕಾ?"

"ಯಾರಿಗಮ್ಮ ಬೇಕು!"

"ಹಾಗಂತ ಬರೀಬಹುದಿತ್ತಲ್ಲೇ."

"ಎದುರಿಗಿರೋರ ಮನಸ್ಸು ನೋಯಿಸಬಾರದು ಅಂತ ನೀನೇ ಅಲ್ವಾ ಹೇಳಿದ್ದು? ಪೇಪರ್ ತಿದ್ದೋರೂ ಟೀಚರ್, ಹೋಮ್‌ವರ್ಕ್ ಕೊಡೋರೂ ಟೀಚರ್!"



ಮನೆಗೆ ಬಂದದ್ದೇ ಅವಳು ಪರೀಕ್ಷಕಿಯಾದಳು. "ಊಟಕ್ಕೆ ಸಾರಾ, ಹುಳಿನಾ?" ಎಂದಳು. "ಯಾವುದಾದ್ರೂ..." ಎನ್ನುವಷ್ಟರಲ್ಲಿ "ಒಂದು!" ಎಂದಳು. ಫ್ಯಾನ್ ಹಾಕಲಾ, ಬೇಡ್ವಾ? "ನಿನಗೆ ಹೇಗೆ..." "ಒಂದು!" ಕೊನೆಗೆ ಷರತ್ತು ಹಾಕಿದಳು. "ಇವತ್ತು ಮಲಗೋದ್ರೊಳಗೆ ನೀನು ಒಂದೇ ಒಂದು ಮಾತು ಗಟ್ಟಿಯಾಗಿ ಹೇಳು. ಹೇಳಿದ್ರೆ ನಿನ್ನ ಹತ್ರಾನೇ ಕಲೀತೀನಿ. ಇಲ್ಲಾಂದ್ರೆ ಕೋಚಿಂಗ್‌ಗೆ ಹೋಗ್ತೀನಿ."

ಸಂಜೆ ಕೆಳಗಿನ ಮನೆಯ ಓನರ್ ಆಂಟಿ ಬಂದರು. ಈ ಬಡಾವಣೆಯೆಲ್ಲ ಹೊಲವಾಗಿದ್ದಾಗ ಅವರ ಮನೆಯವರು ಇಲ್ಲೇ ರಾಗಿ ಬೆಳೆಯುತ್ತಿದ್ದವರು. ಶನಿವಾರ ಬಂತೆಂದರೆ ಸ್ಟೀಲ್ ಡಬ್ಬಿಯಲ್ಲಿ ನಮಗೆ ಬಸ್ಸಾರು ತಂದುಕೊಡುತ್ತಾರೆ. ಡಬ್ಬಿ ಕೈಗಿಡುತ್ತಾ ಅವರು ಕೇಳುವುದೂ ಒಂದೇ, ನಾನು ಹೇಳುವುದೂ ಒಂದೇ.

"ಹೋದ್ ವಾರದ್ದು ಹೆಂಗಿತ್ತು ಮೇಡಂ?"

"ತುಂಬಾ..." ಎಂದು ಶುರು ಮಾಡಿದವಳಿಗೆ ಊಟದ ಮೇಜಿನ ಹತ್ತಿರ ಮಗಳು ಒಂದು ಬೆರಳು ಎತ್ತಿದ್ದು ಕಾಣಿಸಿತು.

"ತುಂಬಾ ಉಪ್ಪಾಗಿತ್ತು ಆಂಟಿ."

ಸೋಫಾದಲ್ಲಿದ್ದ ಗಂಡನ ಕೈಯಿಂದ ರಿಮೋಟ್ ಜಾರಿತು.

"ಉದಾಹರಣೆ?" ಎಂದಳು ಮಗಳು. ನಾನು ತಡವರಿಸಿದ್ದು ನೋಡಿ ತಾನೇ ಕೊಟ್ಟಳು. "ಪ್ರತಿ ವಾರ ಅಮ್ಮ ಆಲೂಗಡ್ಡೆ ಹಾಕಿ ಇನ್ನೊಂದ್ಸಲ ಕುದಿಸ್ತಾಳೆ ಅಜ್ಜಿ. ಆಮೇಲೆ ತಿಂತೀವಿ."

ಆಂಟಿ ಡಬ್ಬಿಯನ್ನೂ ನನ್ನನ್ನೂ ನೋಡಿದರು. ಗಂಡ ಮಾತು ಬದಲಿಸಲು ಧಾವಿಸಿದರು. "ಅಂದಹಾಗೆ, ಆ ಕೋಚಿಂಗ್‌ದು ಏನ್ಮಾಡೋಣ? ನಾಳೆ ಹೋಗಿ ಸೇರಿಸಿ ಬರ್ಲಾ?"

ಉಪ್ಪಿನಲ್ಲಿ ಹೇಗೂ ಮರ್ಯಾದೆ ಹೋಗಿತ್ತು.

"ಬೇಡ," ಎಂದೆ. "ನಾನೇ ಹೇಳಿಕೊಡ್ತೀನಿ. ಭಾಷೆಗೆ ಪೂರ್ತಿ ಅಂಕ ಬಂದಿದೆ, ಅದು ನಾನು ಕಲಿಸಿದ್ದು. ಬರದೇ ಇದ್ದಿದ್ದು ಏನು ಅಂತ ಈಗ ನನಗೂ ಗೊತ್ತಾಯ್ತು. ಮತ್ತೆ... ಆ ಒಂದು ಗಂಟೆ ನನಗೆ ಬೇಕು."

ಕೊನೆಯದನ್ನು ಹೇಳಬೇಕೆಂದುಕೊಂಡಿರಲಿಲ್ಲ. ಗಂಡ ನನ್ನನ್ನು ಹೊಸದಾಗಿ ನೋಡಿದ ಹಾಗೆ ನೋಡಿ, "ಮೊದಲೇ ಹೇಳ್ಬಾರ್ದಿತ್ತಾ? ನಿನಗೆ ಅದು ಹೊರೆ ಅಂದ್ಕೊಂಡಿದ್ದೆ," ಎಂದರು.

"ನಾಲ್ಕಕ್ಕೆ ಮೂರು," ಎಂದಳು ಮಗಳು. "ಮುಕ್ತಾಯ ಇಲ್ಲ. ಪರವಾಗಿಲ್ಲ, ಸೋಮವಾರದಿಂದ ನೀನೇ."

ಆಂಟಿ ಆಗಲೇ ಮೆಟ್ಟಿಲ ಹತ್ತಿರ ಹೋಗಿ ಚಪ್ಪಲಿಗೆ ಕಾಲು ತೂರಿಸುತ್ತಿದ್ದರು. ಅವರ ಮುಖ ನೋಡುವ ಧೈರ್ಯವಾಗದೆ ನಾನು ಡಬ್ಬಿಯ ಮುಚ್ಚಳ ಒರೆಸುತ್ತಾ ನಿಂತೆ.

"ಉಪ್ಪು ಜಾಸ್ತಿ ಅಂತ ನಮ್ಮನೆಯವ್ರೂ ಬಡ್ಕೋತಾನೇ ಇದ್ರು," ಎಂದರು ಅವರು, ಸೆರಗು ಸರಿಮಾಡಿಕೊಂಡು. "ಕಾನ್ವೆಂಟ್ ಓದಿರೋ ಮೇಡಮ್ಮೇ ಚೆನ್ನಾಗಿದೆ ಅಂತಾರೆ, ನಿಮಗೇನು ಗೊತ್ತು ಅಂತ ಬಾಯ್ ಮುಚ್ಚಿಸ್ತಿದ್ದೆ. ಈಗ ಇಬ್ರೂ ಒಂದೇ ಹೇಳ್ತೀರಾ ಅಂದ್ಮೇಲೆ ಮೂರನೆಯವ್ರನ್ನ ಎಲ್ಲಿಂದ ತರ್ಲಿ? ಕಮ್ಮಿ ಮಾಡ್ತೀನಿ ಬಿಡಿ."