ಒಂದೇ ಮನೇಲಿ ಒಂಬತ್ತು ಗ್ರಹ

ಬನ್ನಿ, ಈ ಬೆಂಚಿನ ಮೇಲೆ ಕೂತ್ಕೊಂಡು ನನ್ನ ಗೋಳು ಒಂದಿಷ್ಟು ಕೇಳಿ. ಯಲಹಂಕದಲ್ಲಿ ನಮ್ಮದು ಕಂಪ್ಯೂಟರ್ ಜಾತಕದ ಅಂಗಡಿ. ಗುಂಡಿ ಒತ್ತೋಳು ಸೊಸೆ. ಕರಕರ ಅನ್ನೋ ಹಳೇ ಪ್ರಿಂಟರಿನ ಧೂಳು ಒರೆಸಿ, ರಿಬ್ಬನ್ ಹಾಕಿ ಸಾಕೋಳು ನಾನು. ನಂಗೆ ಓದು ಬರಲ್ಲ, ಆದ್ರೆ ಪ್ರಿಂಟರ್ ಕೆಮ್ಮಿದ್ರೆ ಏನಾಗಿದೆ ಅಂತ ಗೊತ್ತಾಗುತ್ತೆ.

ಆಯುಧ ಪೂಜೆಯ ಮಾರನೇ ದಿನ ಚಿಕ್ಕಬಾಣಾವರದಿಂದ ಒಬ್ಬ ಗಂಡಿನ ತಾಯಿ ಬಂದ್ರು. ಹುಟ್ಟಿದ ಗಳಿಗೆ ಬಾಯಾರೆ ಹೇಳಲಿ ಅಂತ ಮಗನಿಗೆ ನೋಡಿದ್ದ ಹುಡುಗಿ ರೂಪಾನೂ ಕರ್ಕೊಂಡು ಬಂದಿದ್ರು.

"ರಾಹುಕಾಲಕ್ಕೆ ಮುಂಚೆ ಜಾತಕ ಕೊಡಿ. ಕೂಡಿ ಬಂದ್ರೆ ಇವತ್ತೇ ಮಾತು, ಇಲ್ಲಾಂದ್ರೆ ಬೇರೆ ಕಡೆ ನೋಡ್ತೀವಿ" ಅಂದ್ರು.

ಪ್ರಿಂಟರ್ ಅರಚಿತು, ಕಾಗದ ಮಾತ್ರ ಜಗ್ಗಲಿಲ್ಲ. ಸಾಲಿನ ಮೇಲೆ ಸಾಲು ಬಿದ್ದು ಕುಂಡಲಿಯೆಲ್ಲ ಕಪ್ಪು ಮುದ್ದೆ.

"ಅಯ್ಯೋ, ಒಂಬತ್ತು ಗ್ರಹಾನೂ ಒಂದೇ ಮನೇಲಿ!" ಆಯಮ್ಮ ಎದ್ದೇಬಿಟ್ರು. ರೂಪಾ ಮುಖ ಬಾಡಿಹೋಯ್ತು.

"ಗ್ರಹಕ್ಕೇನೂ ಆಗಿಲ್ಲ ಕಣ್ರೀ, ಕಾಗದ ಸಿಕ್ಕಾಕ್ಕೊಂಡಿದೆ! ಕೂತ್ಕೊಳ್ಳಿ!" ಅಂತ ರೇಗಿ, ಸ್ವಿಚ್ ಆರಿಸಿ, ಕಾಗದ ಎಳೆಯೋ ಹಲ್ಲುಚಕ್ರವನ್ನ ಹೇರ್‌ಪಿನ್ನಲ್ಲಿ ಕೆದಕಿದೆ. ಅರಿಶಿನ ಹಚ್ಚಿದ ಎರಡು ಅಕ್ಕಿಕಾಳು ಉದುರಿದವು. ಹಿಂದಿನ ದಿನ ಪೂಜೆಯಲ್ಲಿ ಪ್ರಿಂಟರ್ ಮೇಲೆ ಬೊಗಸೆ ಅಕ್ಷತೆ ಸುರಿದವಳು ನಾನೇ!

ತಪ್ಪು ಒಪ್ಪಿಕೊಳ್ಳೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಆಯಮ್ಮ ಕಾಳು ಕಣ್ಣಿಗೊತ್ಕೊಂಡು, "ಇವಳ ಜಾತಕದಿಂದ ಅಕ್ಷತೆ ಬಿತ್ತಲ್ಲ! ಇನ್ನೇನು ನೋಡೋದಿದೆ?" ಅಂದ್ಬಿಟ್ರು.

ರೂಪಾ ಆಯಮ್ಮನ ಮಗನ್ನೇ ಮದುವೆಯಾಗಿ ಈಗ ಸಂಜಯನಗರದಲ್ಲಿ ಗಂಡನ ಜೊತೆ ಸುಖವಾಗಿದ್ದಾಳೆ. ನನ್ನ ಸೊಸೆ ಆಯುಧ ಪೂಜೆಗೆ ಮುಂಚೇನೇ ಪ್ರಿಂಟರಿಗೆ ಪ್ಲಾಸ್ಟಿಕ್ ಹೊದಿಸ್ತಾಳೆ. ಆಯಮ್ಮ ಕಿರಿಮಗನಿಗೆ ಹೆಣ್ಣು ಹುಡುಕ್ತಾ ನಮ್ಮಲ್ಲೇ ನಾಲ್ಕು ಜಾತಕ ತೆಗೆಸಿದ್ರು. ಒಂದರಲ್ಲೂ ಅಕ್ಷತೆ ಬೀಳಲಿಲ್ಲ ಅಂತ ನಾಲ್ಕನ್ನೂ ಬೇಡ ಅಂದಿದ್ದಾರೆ.