ಅಕ್ಕಾರಿಗೆಂದೇ ಕಾಸಿದ ಮೇಣ

ತುಟಿಗೆ ಹಚ್ಚುವ ಮುಲಾಮನ್ನು ಮನೆಯಲ್ಲೇ ಮಾಡಿಕೊಳ್ಳುವ ಹೆಂಗಸರು ಸಾಮಾನ್ಯವಾಗಿ ಆರೋಗ್ಯದ ಕಾಳಜಿಯಿಂದ ಮಾಡುತ್ತಾರೆ. ನಾನು ಸೇಡಿಗಾಗಿ ಮಾಡಿದೆ. ಇದನ್ನು ಮುಚ್ಚಿಟ್ಟು ಬರೆಯುವುದರಲ್ಲಿ ಅರ್ಥವಿಲ್ಲ. ಒಲೆಯ ಮೇಲೆ ನೀರು ಕುದಿಯುವಾಗ, ಆ ನೀರಿನಲ್ಲಿಟ್ಟ ಬೋಗುಣಿಯಲ್ಲಿ ಮೇಣ ಕರಗುವಾಗ, ಚಮಚ ತಿರುವುತ್ತಾ ನಾನು ನೆನೆಯುತ್ತಿದ್ದದ್ದು ನನ್ನ ನೆಗೆಣ್ಣಿಯ ಮುಖವನ್ನು.

ನೆಗೆಣ್ಣಿ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅವರನ್ನು ಅಕ್ಕಾರು ಎನ್ನುತ್ತೇನೆ. ಇಬ್ಬರೂ ಬೆಳಗಾವಿ ಕಡೆಯಿಂದ ಒಂದೇ ಮನೆಗೆ ಸೊಸೆಯಾಗಿ ಪುಣೆಗೆ ಬಂದವರು. ಅವರ ತವರಿನಲ್ಲಿ ಅರಿಶಿಣ, ಕುಂಕುಮ, ಊದಿನಕಡ್ಡಿ ಮಾರುವ ಗ್ರಂಧಿಗೆ ಅಂಗಡಿ ಇತ್ತು. ಮಾರುವುದು ಅವರಿಗೆ ರಕ್ತದಲ್ಲೇ ಬಂದಿದೆ. ಇಲ್ಲಿಗೆ ಬಂದ ಮೇಲೆ ಯಾವುದೋ ಕಂಪನಿಯ ಕ್ರೀಮು, ಸೋಪು, ಲಿಪ್ ಬಾಮು ತರಿಸಿ ನಮ್ಮ ಕನ್ನಡ ಹೆಂಗಸರ ನಡುವೆ ಮಾರತೊಡಗಿದರು. ಯಾರ ಮನೆಗೆ ಹೋದರೂ ಅವರ ಚೀಲದಲ್ಲಿ ಒಂದಿಷ್ಟು ಡಬ್ಬಿಗಳು ಇರುತ್ತಿದ್ದವು. ಬೇಡ ಎಂದು ಹೇಳುವ ಎದೆಗಾರಿಕೆ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಹೋದ ವರ್ಷದ ಚಳಿಗಾಲಕ್ಕೆ ಮುಂಚೆ, ಹನ್ನೊಂದು ವರ್ಷದ ನನ್ನ ಮಗಳ ಕೈಗೆ ಅವರು ಒಂದು ಗುಲಾಬಿ ಬಣ್ಣದ ಡಬ್ಬಿ ಕೊಟ್ಟರು. ಸ್ಟ್ರಾಬೆರಿ ವಾಸನೆ ಘಮ್ಮೆನ್ನುತ್ತಿತ್ತು. ಹುಡುಗಿ ಖುಷಿಯಿಂದ ದಿನಕ್ಕೆ ಹತ್ತು ಸಲ ಹಚ್ಚಿಕೊಂಡಳು. ಎಂಟು ದಿನಕ್ಕೆ ತುಟಿ ಊದಿತು. ಆಮೇಲೆ ಸಿಪ್ಪೆ ಎದ್ದಿತು, ಬಾಯಿಯ ಸುತ್ತ ಕಪ್ಪು ಉಂಗುರದಂತೆ ಕಲೆ ಬಂತು. ಉಪ್ಪು ಖಾರ ತಾಗಿದರೆ ಕಣ್ಣೀರು ಹಾಕುತ್ತಿದ್ದಳು. ಮೊಸರನ್ನ ಬಿಟ್ಟರೆ ಬೇರೆ ಊಟ ಇರಲಿಲ್ಲ.

ಚರ್ಮದ ಡಾಕ್ಟರರು ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದು ನೋಡಿ ಬದಿಗಿಟ್ಟರು. ಇದರ ಬಣ್ಣವೋ ಸುವಾಸನೆಯೋ ಈ ಮಗುವಿಗೆ ಒಗ್ಗಿಲ್ಲ, ಇನ್ನು ಮುಂದೆ ಎರಡೂ ಬೇಡ, ಏನೇ ಹಚ್ಚುವುದಾದರೂ ಮೊದಲು ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಎರಡು ದಿನ ಕಾಯಿರಿ ಎಂದು ಮರಾಠಿಯಲ್ಲಿ ನಿಧಾನವಾಗಿ ಹೇಳಿದರು. ನಾನು ಇದನ್ನು ಅಕ್ಕಾರಿಗೆ ಫೋನಿನಲ್ಲಿ ತಿಳಿಸಿದೆ. ಜಗಳಕ್ಕಲ್ಲ, ಬೇರೆ ಮಕ್ಕಳಿಗೆ ಕೊಡದಿರಲಿ ಎಂದು. ಅವರು "ಹೌದೇನು, ನೋಡೂಣು" ಎಂದು ಇಟ್ಟುಬಿಟ್ಟರು.

ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಪುಣೆಯಲ್ಲಿ ಮನೆಮನೆಯಲ್ಲೂ ಅರಿಶಿಣ-ಕುಂಕುಮ. ಹೆಂಗಸರನ್ನು ಕರೆದು, ಕುಂಕುಮ ಹಚ್ಚಿ, ಎಳ್ಳುಬೆಲ್ಲ ಕೊಟ್ಟು, ಜೊತೆಗೊಂದು ಸಣ್ಣ ವಸ್ತು ಕೊಡಬೇಕು. ಅದಕ್ಕೆ ಇಲ್ಲಿ ವಾಣ ಎನ್ನುತ್ತಾರೆ. ಆ ಸಲ ಅಕ್ಕಾರ ಮನೆಗೆ ನಾನು ಮಗಳನ್ನೂ ಕರೆದುಕೊಂಡು ಹೋದೆ. ಒಬ್ಬ ಮುತ್ತೈದೆ ಹುಡುಗಿಯ ಬಾಯಿ ನೋಡಿ ಏನಾಯಿತೆಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಕ್ಕಾರು ಶುರುಮಾಡಿದರು.

"ತುಟಿ ನೆಕ್ಕೋ ಚಟ ಅದ ರೀ ಈಕಿಗೆ. ಅವ್ವ ಆಫೀಸಿಗೆ ಹೋಗತಾಳ, ತಿದ್ದೋರು ಯಾರು? ಮ್ಯಾಲೆ ನಮ್ಮ ಕ್ರೀಮಿನ ಮ್ಯಾಲೆ ತಪ್ಪ ಹಾಕತಾರ."

ಇಪ್ಪತ್ತು ಹೆಂಗಸರು ಒಟ್ಟಿಗೆ ನನ್ನ ಮಗಳ ಬಾಯಿ ನೋಡಿದರು. ಅವಳು ಕೈಯಿಂದ ಬಾಯಿ ಮುಚ್ಚಿಕೊಂಡಳು. ನಾನು ಎಳ್ಳುಬೆಲ್ಲ ತಿಂದು, ಕುಂಕುಮ ಹಚ್ಚಿಸಿಕೊಂಡು, ಅವರು ಕೊಟ್ಟ ಪ್ಲಾಸ್ಟಿಕ್ ಜರಡಿ ಹಿಡಿದುಕೊಂಡು ಮನೆಗೆ ಬಂದೆ. ಬಂದವಳೇ ತೀರ್ಮಾನಿಸಿದೆ. ಇದೇ ಹೆಂಗಸರ ಮುಂದೆ, ಇದೇ ಹಬ್ಬದಲ್ಲಿ, ತಪ್ಪು ತನ್ನದೆಂದು ಈ ಹೆಂಗಸಿನ ಬಾಯಿಂದಲೇ ಹೇಳಿಸಬೇಕು. ಒಂದು ವರ್ಷ ಕಾಯಬೇಕಾದರೂ ಸರಿ.

ಕಾದೆ. ರಾಂಜಣಗಾಂವದ ಕಾರ್ಖಾನೆಗೆ ಬೆಳಿಗ್ಗೆ ಬಸ್ಸು ಹಿಡಿಯುವ ನನ್ನ ಗಂಡ "ಮನಿ ಮಂದಿ, ಬಿಟ್ಟಬಿಡು" ಎಂದು ತಿಂಗಳಿಗೊಮ್ಮೆ ಹೇಳುತ್ತಿದ್ದರು. ಬಿಡುವ ಮಾತೇ ಇರಲಿಲ್ಲ. ಮಗಳಿಗೆ ಊಟ ಬಡಿಸುವಾಗ, ಜಡೆ ಹಾಕುವಾಗ, ಅವಳ ತುಟಿ ನೋಡಿ ಆ ಮಾತನ್ನು ಮತ್ತೆ ಮತ್ತೆ ಎತ್ತುತ್ತಿದ್ದೆ. ಸಿಟ್ಟನ್ನು ಆರಲು ಬಿಟ್ಟರೆ ಅಕ್ಕಾರಿಗೆ ಲಾಭ ಎಂದು ನನಗೆ ಅನಿಸುತ್ತಿತ್ತು.

ಉಪಾಯ ಹೊಳೆದದ್ದು ನಮ್ಮಜ್ಜಿಯ ನೆನಪಿನಿಂದ. ಅಜ್ಜಿ ಹಣೆಗೆ ಮೊದಲು ಉಂಗುರಬೆರಳಿನಿಂದ ಒಂದಿಷ್ಟು ಮೇಣ ಒತ್ತಿ, ಅದರ ಮೇಲೆ ಕುಂಕುಮ ಇಡುತ್ತಿದ್ದಳು. ಚಳಿಗಾಲದಲ್ಲಿ ಅದೇ ಮೇಣವನ್ನು ಎಣ್ಣೆಯಲ್ಲಿ ಕರಗಿಸಿ ನಮ್ಮ ತುಟಿಗೆ, ತನ್ನ ಒಡೆದ ಹಿಮ್ಮಡಿಗೆ ಹಚ್ಚುತ್ತಿದ್ದಳು. ಎಣ್ಣೆ ಮತ್ತು ಮೇಣ, ಅಷ್ಟೇ. ಈ ವರ್ಷದ ಅರಿಶಿಣ-ಕುಂಕುಮ ನಮ್ಮ ಮನೆಯಲ್ಲಿ, ವಾಣ ನನ್ನ ಕೈಯಾರೆ ಮಾಡಿದ ತುಟಿಯ ಮುಲಾಮು ಎಂದು ನಿಶ್ಚಯಿಸಿದೆ. ಡಬ್ಬಿ ಕೊಡುತ್ತಾ ನನ್ನ ಮಗಳ ಕಥೆಯನ್ನು ಎಲ್ಲರಿಗೂ ಹೇಳುವುದು, ಆಮೇಲೆ ಅಕ್ಕಾರ ಮುಖ ನೋಡುವುದು.

ಪೇಟೆಯಲ್ಲಿ ಪೂಜಾ ಸಾಮಾನಿನ ಅಂಗಡಿಗೆ ಹೋಗಿ, ಕುಂಕುಮದ ಮೇಣ ಇದೆಯೇ ಎಂದು ಮರಾಠಿಯಲ್ಲಿ ಕೇಳಿದೆ. ಅಂಗಡಿಯವನು ಇದೆ, ಎಷ್ಟು ಬೇಕು ಎಂದ. ತಿಳಿಹಳದಿ ಬಿಲ್ಲೆಗಳು. ನಮ್ಮ ಮನೆಯಲ್ಲಿ ಮೇಣ ಎಂದರೆ ಅದೊಂದೇ. ಜೇನು ಬಿಡಿಸುವವರು ತಂದುಕೊಡುತ್ತಿದ್ದದ್ದು, ಅಜ್ಜಿಯ ಹಣೆಯ ಮೇಲಿದ್ದದ್ದು. ಬೇರೆ ಪ್ರಶ್ನೆ ಕೇಳುವುದು ನನಗೆ ತೋಚಲೇ ಇಲ್ಲ.

ಮೊದಲ ಸಲ ತುಪ್ಪ ಹಾಕಿ ಮಾಡಿದೆ. ಹೋಳಿಗೆಯ ವಾಸನೆ ಬಂತು. ಗಂಡ ಹಚ್ಚಿ ನೋಡಿ, "ತುಟಿ ಮ್ಯಾಲೆ ಊಟ ಹೊತ್ಕೊಂಡು ಡ್ಯೂಟಿಗೆ ಹೋಗ್ಲೇನು?" ಎಂದರು. ಎರಡನೆಯ ಸಲ ಮೇಣ ಹೆಚ್ಚಾಗಿ ಉಗುರಿನಿಂದ ಕೆರೆದರೂ ಏಳಲಿಲ್ಲ. ಮೂರನೆಯ ಸಲ ನಾಲ್ಕು ಚಮಚ ಎಣ್ಣೆಗೆ ಒಂದು ಚಮಚ ಮೇಣದ ತುರಿ ಹಾಕಿದೆ. ಎಣ್ಣೆಯಲ್ಲಿ ಮುಕ್ಕಾಲು ಕೊಬ್ಬರಿಯದು, ಕಾಲು ಔಡಲದ್ದು. ಡಬ್ಬಿಗೆ ಸುರಿದು ಮುಟ್ಟದೆ ಬಿಟ್ಟರೆ ಮೇಲ್ಭಾಗ ನುಣ್ಣಗೆ ಗಟ್ಟಿಯಾಯಿತು. ಡಾಕ್ಟರರ ಮಾತಿನಂತೆ ಮಗಳ ಮೊಣಕೈಗೆ ಹಚ್ಚಿ ಎರಡು ದಿನ ಕಾದೆ. ಏನೂ ಆಗಲಿಲ್ಲ. ಮೂರನೆಯ ದಿನದಿಂದ ಅವಳು ತುಟಿಗೂ ಹಚ್ಚಿಕೊಂಡಳು.

ಇಪ್ಪತ್ತೈದು ಪುಟ್ಟ ಡಬ್ಬಿ ತುಂಬಿದೆ. ಪ್ರತಿಯೊಂದಕ್ಕೂ ನನ್ನ ಕೈಬರಹದ ಚೀಟಿ ಅಂಟಿಸಿದೆ. ಜೇನಿನ ಮೇಣ, ಕೊಬ್ಬರಿ ಎಣ್ಣೆ, ಔಡಲ ಎಣ್ಣೆ. ಬಣ್ಣವಿಲ್ಲ, ಸುವಾಸನೆಯಿಲ್ಲ, ಸುಳ್ಳಿಲ್ಲ. ಆ ಕೊನೆಯ ಪದವನ್ನು ಬರೆಯುವಾಗ ಪೆನ್ನನ್ನು ಸ್ವಲ್ಪ ಒತ್ತಿಯೇ ಬರೆದೆ.

ಹಬ್ಬದ ಸಂಜೆ ಎಲ್ಲರೂ ಬಂದರು. ಹೋದ ವರ್ಷ ಅಲ್ಲಿದ್ದವರಲ್ಲಿ ಒಬ್ಬರೂ ತಪ್ಪದಂತೆ ನಾನೇ ಮನೆಮನೆಗೆ ಹೋಗಿ ಕರೆದಿದ್ದೆ. ಅಕ್ಕಾರು ಇಲ್ಲಿಯ ಸಂಕ್ರಾಂತಿ ರೂಢಿಯಂತೆ ಕರಿಯ ಇಳಕಲ್ ಸೀರೆಯುಟ್ಟು ಸೋಫಾದ ನಡುವೆ ಕೂತರು. ಡಬ್ಬಿಗಳನ್ನು ಹಂಚಿದ ಮೇಲೆ ನಾನು ಎದ್ದು ನಿಂತು, ಹೋದ ವರ್ಷ ಮಗಳ ತುಟಿಗೆ ಏನಾಯಿತು, ಡಾಕ್ಟರರು ಏನೆಂದರು ಎಲ್ಲ ಹೇಳಿದೆ. ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಅರ್ಧಕ್ಕರ್ಧ ಜನ ಆಗಲೇ ಅಕ್ಕಾರ ಕಡೆ ತಿರುಗಿದ್ದರು. ನನ್ನ ಎದೆ ಹಗುರಾಗಿತ್ತು.

ಅಕ್ಕಾರು ಡಬ್ಬಿ ತೆರೆದರು, ಬೆರಳಿಗೆ ಹಚ್ಚಿ ತಿಕ್ಕಿದರು, ಮೂಸಿದರು.

"ಮೇಣ ಎಲ್ಲಿಂದ ತಂದಿ?" ಎಂದು ಕೇಳಿದರು.

"ಪೇಟೆಯಿಂದ ರೀ. ಕುಂಕುಮದ ಮೇಣ."

"ಉಳದದ ಏನು? ಒಂಚೂರು ತಾ."

ಒಳಗಿನಿಂದ ಒಂದು ಬಿಲ್ಲೆ ತಂದುಕೊಟ್ಟೆ. ಅವರು ಉಗುರಿನಿಂದ ಒಂದು ಚೂರು ಮುರಿದು ಬೆರಳುಗಳ ನಡುವೆ ಹಿಸುಕಿದರು. ಅದು ಮೆತ್ತಗಾಗಲಿಲ್ಲ, ಪುಡಿಪುಡಿಯಾಗಿ ಸೆರಗಿನ ಮೇಲೆ ಬಿತ್ತು. ನಾನು ಮರೆತೇಬಿಟ್ಟಿದ್ದೆ, ಈ ಹೆಂಗಸು ಹುಟ್ಟಿ ಬೆಳೆದದ್ದೇ ಗ್ರಂಧಿಗೆ ಅಂಗಡಿಯಲ್ಲಿ.

"ಜೇನಿನ ಮೇಣ ಆದ್ರ ಬೆರಳಿಗೆ ಅಂಟತದ, ವಾಸನಿ ಬರತದ," ಎಂದು ಅವರು ಎಲ್ಲರಿಗೂ ಕೇಳುವಂತೆ ಹೇಳಿದರು. "ಇದು ಮೇಣಬತ್ತಿ ಮಾಡೂ ಮೇಣ. ಹಳದಿ ಬಣ್ಣ ಹಾಕ್ಯಾರ. ಇಪ್ಪತ್ತು ವರ್ಷ ಆತು, ಕುಂಕುಮಕ್ಕಂತ ನಮ್ಮಪ್ಪನೂ ಇದನ್ನ ಮಾರ್ತಿದ್ದ. ನೀ ನೋಡಿದ್ರ ಬಣ್ಣ ಇಲ್ಲ, ಸುಳ್ಳಿಲ್ಲ ಅಂತ ಬರದೀ."

ನಾನು ಮೊದಲು ನೋಡಿದ್ದು ಮಗಳ ತುಟಿಯನ್ನು. ಎರಡು ವಾರದಿಂದ ಅವಳು ಅದನ್ನೇ ಹಚ್ಚಿಕೊಳ್ಳುತ್ತಿದ್ದಳು. ತುಟಿ ಚೆನ್ನಾಗಿಯೇ ಇತ್ತು. ಬಣ್ಣ ಬೇಡ ಎಂದು ಡಾಕ್ಟರರು ಅಷ್ಟು ಹೇಳಿದ್ದರೂ, ಯಾವ ಬಣ್ಣವೋ ಗೊತ್ತಿಲ್ಲದ್ದನ್ನು ನನ್ನ ಕೈಯಾರೆ ಅವಳ ತುಟಿಗೆಂದು ಮಾಡಿಕೊಟ್ಟಿದ್ದೆ.

ಅಕ್ಕಾರು ನನ್ನನ್ನೇ ನೋಡುತ್ತಿದ್ದರು. ನಾನು ಜಗಳ ತೆಗೆಯುತ್ತೇನೆ, ಇಲ್ಲವೇ ಅಂಗಡಿಯವನ ಮೇಲೆ ಹಾಕಿ ಜಾರಿಕೊಳ್ಳುತ್ತೇನೆ ಎಂದು ಕಾಯುತ್ತಿದ್ದರು. ಅವರಾಗಿದ್ದರೆ ಹಾಗೆಯೇ ಮಾಡುತ್ತಿದ್ದರು. ಆಗ ನನಗೆ ಹೊಳೆಯಿತು, ಅವರು ಮಾಡದ್ದನ್ನು ನಾನು ಮಾಡಬೇಕು.

"ಹೌದ್ರಿ, ತಪ್ಪು ನಂದು," ಎಂದೆ. "ಕೇಳಿ ತರಬೇಕಿತ್ತು, ಕೇಳಲಿಲ್ಲ. ಯಾರೂ ಹಚ್ಚಕೋಬ್ಯಾಡ್ರಿ. ಡಬ್ಬಿ ಎಲ್ಲಾ ವಾಪಸ್ ಕೊಡ್ರಿ."

ಇದನ್ನು ಪ್ರಾಮಾಣಿಕತೆ ಎಂದು ಯಾರಾದರೂ ತಿಳಿದರೆ ಅದು ಅವರ ದೊಡ್ಡಗುಣ. ಒಂದೊಂದು ಪದವನ್ನೂ ನಾನು ಅಕ್ಕಾರ ಮುಖ ನೋಡುತ್ತಲೇ ಹೇಳಿದೆ. ತಪ್ಪು ಒಪ್ಪಿಕೊಳ್ಳುವುದು ಇಷ್ಟು ಸುಲಭ ನೋಡಿ, ನಿಮಗೆ ವರ್ಷವಾದರೂ ಆಗಲಿಲ್ಲ, ಎಂದು ಎಲ್ಲರಿಗೂ ತಿಳಿಯಲೆಂದೇ ಹೇಳಿದೆ. ಅವರ ಮುಖದ ಬಣ್ಣ ಇಳಿದದ್ದು ಕಂಡಿತು.

"ಇರಲಿ ಬಿಡ್ರಿ, ಹಿಮ್ಮಡಿಗೆ ಹಚ್ಚಕೋತೀವಿ," ಎಂದು ಒಬ್ಬರು ನಕ್ಕರು. ನಾನು ಬೇಡವೆಂದೆ. ಮಗಳು ಒಂದು ಬುಟ್ಟಿ ತಂದು ಒಬ್ಬೊಬ್ಬರ ಮುಂದೆ ಹಿಡಿದಳು. ಡಬ್ಬಿಗಳು ಒಂದೊಂದಾಗಿ ಬಿದ್ದವು. ಕೊನೆಗೆ ಅಕ್ಕಾರ ಮುಂದೆ ಬಂದು ನಿಂತಳು. ಅವರು ಡಬ್ಬಿ ಹಾಕಿದರು. ಅವಳು ಬುಟ್ಟಿಯನ್ನು ಹಿಂದಕ್ಕೆ ತೆಗೆಯಲಿಲ್ಲ.

"ದೊಡ್ಡವ್ವ, ನೀವು ಕೊಟ್ಟಿದ್ದು ಹಚ್ಚಕೊಂಡಾಗ ನನ್ನ ತುಟಿ ಊದಿತ್ತು. ಅದು ಯಾರ ತಪ್ಪು ರೀ?"

ಅಕ್ಕಾರು ಬಗ್ಗಿ ಅವಳ ಕೆನ್ನೆ ಸವರಿ, ಸಣ್ಣ ದನಿಯಲ್ಲಿ, "ನಂದೇ ತಪ್ಪವಾ" ಎಂದರು.

"ಎಲ್ಲರಿಗೂ ಕೇಳೂಹಂಗ ಹೇಳ್ರಿ," ಎಂದಳು ಮಗಳು. "ಆವತ್ತೂ ಎಲ್ಲರ ಮುಂದನ ಹೇಳಿದ್ರಿ."

ದೊಡ್ಡವರ ಜೊತೆ ಹೀಗೆ ಮಾತಾಡಿದ್ದಕ್ಕೆ ನಾನು ಅವಳನ್ನು ಗದರಿಸಬೇಕಿತ್ತು. ಗದರಿಸಲಿಲ್ಲ. ಅಕ್ಕಾರು ನನ್ನ ಕಡೆ ಒಮ್ಮೆ ನೋಡಿದರು, ತಡೆಯಲಿ ಎಂದು. ನಾನು ಕುಂಕುಮದ ತಟ್ಟೆಯನ್ನು ಸರಿಪಡಿಸುತ್ತಾ ಕೂತೆ.

"ನನ್ನ ಡಬ್ಬಿಯಿಂದನ ಈ ಹುಡುಗಿ ತುಟಿ ಕೆಟ್ಟಿದ್ದು ಖರೆ," ಎಂದರು ಅಕ್ಕಾರು, ಈಗ ಗಟ್ಟಿಯಾಗಿ. "ಇವರವ್ವಗ ನಾ ಅಂದಿದ್ದು ತಪ್ಪು."

ಅವರು ಎದ್ದಾಗ ನಾನೇ ಹಣೆಗೆ ಕುಂಕುಮ ಹಚ್ಚಿದೆ. ಅವರ ಕಣ್ಣು ತುಂಬಿತ್ತು. ಬೊಟ್ಟು ಗುಂಡಗೆ ನಟ್ಟನಡುವೆ ಬಂತು, ಅದು ನನಗೆ ಬಹಳ ಖುಷಿ ಕೊಟ್ಟಿತು. ಒಂದು ವರ್ಷ ಕಾದದ್ದು ಸಾರ್ಥಕವಾಯಿತು ಎಂದುಕೊಂಡೆ.

ಎಲ್ಲರೂ ಹೋದ ಮೇಲೆ ಮಗಳು ತಟ್ಟೆಗಳನ್ನು ಒಟ್ಟುಗೂಡಿಸುತ್ತಿದ್ದಳು. ನಾನು ಅವಳ ತಲೆ ಸವರಿದೆ.

"ಭಾಳ ಚಲೋ ಕೇಳಿದಿ. ನಿನ್ನ ಸಿಟ್ಟು ಇವತ್ತರ ಹೋತಿಲ್ಲೋ?"

"ನನಗೇನ ಸಿಟ್ಟು ಇದ್ದಿದ್ದಿಲ್ಲವ್ವಾ," ಎಂದಳು ತಲೆಯೆತ್ತದೆ. "ತುಟಿ ಹೋದ ಬ್ಯಾಸಗಿಗೇ ಆರಾಮ ಆಗ್ಯಾವು. ದೊಡ್ಡವ್ವ ಅಂದಿದ್ದು ನಾ ಮರತಬಿಡತಿದ್ದೆ, ನೀ ದಿನಾ ನೆನಪ ಮಾಡತಿದ್ದಿ. ನಾ ಕೇಳಿದ್ರ ನೀ ಸಿಟ್ಟು ಬಿಡತಿ ಅನಿಸ್ತು, ಅದಕ್ಕ ಕೇಳಿದೆ."

ತಟ್ಟೆಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು. ಬಿಟ್ಟೆಯಾ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಇಲ್ಲ ಎನ್ನಬೇಕಾಗುತ್ತಿತ್ತು.