ರೈಸ್ ಮಿಲ್ಲಿನ ಪಕ್ಕದ ಖೋಲಿ

ಮೊನ್ನೆ ರಾಯಚೂರಿನ ನಮ್ಮ ಮನೆಗೆ ಹೊಸ ಅಕ್ಕಿಯ ಚೀಲ ಬಂತು. ಕುಕ್ಕರಿನ ಮುಚ್ಚಳ ತೆಗೆದದ್ದೇ ತಡ, ಅದರ ಹಸಿಹಸಿ ಸಿಹಿ ವಾಸನೆ ಪಡಸಾಲೆಯವರೆಗೂ ಹಬ್ಬಿತು. ಹಳೆಯ ಅಕ್ಕಿಗೆ ಈ ವಾಸನೆ ಇರುವುದಿಲ್ಲ. ಸೌಟು ಹಿಡಿದು ನಿಂತಲ್ಲೇ ನಿಂತುಬಿಟ್ಟೆ. ಎಪ್ಪತ್ತರ ದಶಕದ ಮಾನ್ವಿ, ನಮ್ಮ ಓಣಿ, ಪಕ್ಕದ ಮನೆಯ ದೊಡ್ಡವ್ವ... ಎಲ್ಲ ಒಮ್ಮೆಲೇ ಎದುರಿಗೆ ಬಂದವು.

ನನ್ನ ತವರು ದೇವದುರ್ಗ. ಮದುವೆಯಾಗಿ ಮಾನ್ವಿಗೆ ಬಂದಾಗ ಆ ಊರಿನಲ್ಲಿ ನನಗೆ ಗೊತ್ತಿದ್ದವರು ಗಂಡ ಒಬ್ಬರೇ. ಅವರೂ ನೀರಾವರಿ ಕಚೇರಿಗೆ ಬೆಳಗ್ಗೆ ಹೋದರೆ ಸಂಜೆಯೇ ಬರುತ್ತಿದ್ದರು. ದೊಡ್ಡವ್ವ ನನಗೆ ಸಂಬಂಧಿಯಲ್ಲ, ಗೋಡೆಗೆ ಗೋಡೆ ಹತ್ತಿದ ನೆರೆಯವಳು. ಓಣಿಗೆಲ್ಲ ಆಕೆ ದೊಡ್ಡವ್ವನೇ. ಗಂಡ ತೀರಿಕೊಂಡ ಮೇಲೆ ಮಂದಿಯ ಮನೆಯ ಮದುವೆ, ತೊಟ್ಟಿಲ ಕಾರ್ಯಗಳಲ್ಲಿ ರೊಟ್ಟಿ ಬಡಿದು ಬದುಕುತ್ತಿದ್ದಳು. ಹಿತ್ತಲ ಬಾಗಿಲಿನಿಂದ ಹೋಗುವುದು, ಹಿತ್ತಲ ಬಾಗಿಲಿನಿಂದಲೇ ಬರುವುದು. ಅದೊಂದು ಆಕೆಗೆ ಸೇರುತ್ತಿರಲಿಲ್ಲ.

"ನಂದಂತ ಒಂದು ಒಲಿ ಇರಬೇಕು ಬೇ," ಅನ್ನುತ್ತಿದ್ದಳು. "ಮಂದಿ ಉಣ್ಣಾಕ ನನ್ನ ಬಾಗಲಕ್ಕ ಬರಬೇಕು."

ಆ ಹೊತ್ತಿಗೆ ಕಾಲುವೆಯ ನೀರು ಹರಿದು ಜೋಳದ ಹೊಲಗಳು ಗದ್ದೆಗಳಾಗಿದ್ದವು. ಆಂಧ್ರದ ಕಡೆಯಿಂದ ಬಂದ ರೈತರು ಸುತ್ತಲೂ ಕ್ಯಾಂಪುಗಳೆಂಬ ತಮ್ಮ ಹೊಸ ಊರುಗಳನ್ನು ಕಟ್ಟಿಕೊಂಡಿದ್ದರು. ಮೊದಲೆಲ್ಲ ಒಂದು ಒಳ್ಳೆಯ ಸೀರೆ ಬೇಕೆಂದರೂ ನಾವು ರಾಯಚೂರಿಗೆ ಹೋಗಬೇಕಿತ್ತು. ಈಗ ರಾಯಚೂರಿನ ವ್ಯಾಪಾರಸ್ಥರೇ ಬೆಳಗಿನ ಬಸ್ಸಿಗೆ ಮಾನ್ವಿಗೆ ಬಂದು ಇಳಿಯತೊಡಗಿದರು. ನಮಗೋ ಒಳಗೊಳಗೇ ಜಂಬ. ಅಂಥದರಲ್ಲಿ ತೆಲುಗು ಮನೆಮಾತಿನ ಸಾಹುಕಾರರೊಬ್ಬರು ಪೋತ್ನಾಳದ ರಸ್ತೆಗೆ ಹೊಸ ರೈಸ್ ಮಿಲ್ ಹಾಕಿದರು. ಅದರ ಗೇಟಿನ ಪಕ್ಕದಲ್ಲಿ ಒಂದು ಖೋಲಿ ಖಾಲಿಯಿತ್ತು. ಅಲ್ಲಿ ಖಾನಾವಳಿ ಇಡುತ್ತೇವೆಂದು ನಾಲ್ಕಾರು ಗಂಡಸರು ಕೇಳಿದ್ದರು. ದೊಡ್ಡವ್ವನೂ ಸೆರಗು ಹೊದ್ದುಕೊಂಡು ಹೋಗಿ ಕೇಳಿದಳು.

ಸಾಹುಕಾರರು ಆಕೆಯನ್ನೊಮ್ಮೆ ನೋಡಿ, "ಮಿಲ್ ಚಾಲೂ ಆಗೋ ದಿನ ಅಡಿಗಿ ನೀವು ಮಾಡ್ರಿ ಅಮ್ಮಾ. ರಾಯಚೂರಿಂದ ದೊಡ್ಡ ದೊಡ್ಡ ಮಂದಿ ಬರ್ತಾರ. ನಮ್ಮ ಅಕ್ಕಿ ಅನ್ನ ಮಲ್ಲಿಗಿ ಹಂಗ ಇರಬೇಕು. ಊಟ ಚಲೋ ಆದ್ರ ಖೋಲಿ ನಿಮಗ," ಅಂದರಂತೆ.

ಮಿಲ್ ಚಾಲೂ ಆದ ದಿನ ಅಲ್ಲಿಂದ ಹೊರಬಿದ್ದ ಮೊದಲ ಅಕ್ಕಿ ನೇರ ದೊಡ್ಡವ್ವನ ಅಂಗಳಕ್ಕೆ ಬಂತು. ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಎಲ್ಲ ಆಗಿತ್ತು. ಉಳಿದದ್ದು ಅನ್ನ. ನಮ್ಮ ಕಡೆ ಆಗ ಅನ್ನವೆಂದರೆ ಹಬ್ಬದ ದಿನದ ಮಾತು. ಅದೂ ಅಂಗಡಿಯಲ್ಲಿ ಕೂತು ಕೂತು ಹಳತಾದ ಅಕ್ಕಿ. ಎಷ್ಟು ನೀರು ಹೊಯ್ದರೂ ಕುಡಿಯುತ್ತಿತ್ತು. ಗದ್ದೆಯಿಂದ ಆಗಷ್ಟೇ ಬಂದ ಅಕ್ಕಿಯ ಗುಣ ಜೋಳ ಉಂಡು ಬೆಳೆದ ನಮಗೆ ಹೇಗೆ ಗೊತ್ತಿರಬೇಕು? ದೊಡ್ಡವ್ವ ಕೈಬಿಚ್ಚಿ ನೀರು ಹೊಯ್ದಳು. ಸ್ವಲ್ಪ ಹೊತ್ತಿಗೆ ಮುಚ್ಚಳ ತೆಗೆದರೆ ದೊಡ್ಡ ಪಾತ್ರೆಯ ತುಂಬ ಅಂಟು ಮುದ್ದೆ. ಮಲ್ಲಿಗೆಯ ಮಾತು ಹಾಗಿರಲಿ, ಅದನ್ನು ಗೋಡೆಗೆ ಬಳಿಯಬಹುದಿತ್ತು.

ದೊಡ್ಡವ್ವ ಒಲೆಯ ಮುಂದೆ ಕುಸಿದು ಕೂತಳು. "ಹೋತು ಬೇ ನನ್ನ ಖೋಲಿ," ಅಂದಳು. ನನಗೂ ಕಣ್ಣಲ್ಲಿ ನೀರು ಬಂತು. ಮತ್ತೆ ಅನ್ನ ಇಡೋಣವೆಂದರೆ ಅಕ್ಕಿಯೂ ಇರಲಿಲ್ಲ, ಹೊತ್ತೂ ಇರಲಿಲ್ಲ. ಆಕೆ ಒಂದು ಅಗುಳನ್ನು ಬೆರಳಲ್ಲಿ ಹಿಚುಕಿ ನೋಡಿದಳು, ಬಾಯಿಗೆ ಹಾಕಿಕೊಂಡಳು. ಆಮೇಲೆ ಸೆರಗು ಸಿಗಿಸಿ ಎದ್ದಳು.

"ಓಣ್ಯಾಗ ಹೋಗಿ ಮೊಸರು ಕೇಳ್ಕೊಂಡು ಬಾ. ಯಾರ ಮನ್ಯಾಗ ಎಷ್ಟು ಅದ ಅಷ್ಟೂ."

ನಾನು ಓಡಿದೆ. ಹೊಸ ಸೊಸೆ ಓಣಿಯಲ್ಲಿ ಹಾಗೆ ಓಡಬಾರದು ಎಂಬುದೆಲ್ಲ ಮರೆತೇಹೋಗಿತ್ತು. ಯಾಕೆ ಏನು ಅಂತ ಯಾರೂ ಕೇಳಲಿಲ್ಲ, ದೊಡ್ಡವ್ವನ ಖೋಲಿಯ ವಿಷಯ ಓಣಿಗೆಲ್ಲ ಗೊತ್ತಿತ್ತು. ಕೊನೆಯ ಮನೆಯ ಬೀಬಿ ಮಕ್ಕಳ ಊಟಕ್ಕೆ ಇಟ್ಟಿದ್ದ ಮೊಸರನ್ನು ಗಡಿಗೆ ಸಮೇತ ಎತ್ತಿ ಕೊಟ್ಟು, "ಲಗೂನ ಹೋಗ್ ಬೇಟಿ," ಅಂದಳು. ದೊಡ್ಡವ್ವನ ಉಪಾಯ ನನಗೆ ಆಗ ಹೊಳೆಯಿತು. ಎಳ್ಳಮಾವಾಸ್ಯೆಗೆ ಹೊಲಕ್ಕೆ ಕಟ್ಟಿಕೊಂಡು ಹೋಗುವ ಮೊಸರನ್ನದ ಬುತ್ತಿಗೆ ಅನ್ನ ಮೆತ್ತಗೇ ಇರಬೇಕಲ್ಲವೇ! ಮೊಸರು ಸುರಿದು, ಹಸಿಮೆಣಸಿನಕಾಯಿ, ಕರಿಬೇವು, ಸಾಸಿವೆಯ ಒಗ್ಗರಣೆ ಕೊಟ್ಟು ಇಬ್ಬರೂ ಮೊಣಕೈತನಕ ಕೈ ಹಾಕಿ ಕಲಸಿದೆವು.

ಮಿಲ್ಲಿನ ಅಂಗಳದಲ್ಲಿ ಪಂಕ್ತಿಗೆ ಕೂತ ಸಾಹುಕಾರರು ಎಲೆಯನ್ನು ನೋಡಿ ಹುಬ್ಬು ಗಂಟಿಕ್ಕಿದರು. "ನಮ್ಮ ಅನ್ನ ಎಲ್ಲಮ್ಮಾ?"

ದೊಡ್ಡವ್ವ ಸುಳ್ಳು ಹೇಳಲಿಲ್ಲ. "ಅನ್ನ ಮುದ್ದಿ ಆತ್ರಿ ಯಪ್ಪಾ. ಹೊಸ ಅಕ್ಕಿಗಿ ಎಷ್ಟು ನೀರು ಬೇಕಂತ ನನಗ ತಿಳೀಲಿಲ್ಲ. ಬುತ್ತಿ ಕಲಸೀನಿ. ಖೋಲಿ ಮಾತು ಆಮ್ಯಾಲ, ಮೊದಲು ಉಣ್ರಿ."

ರಾಯಚೂರಿನವರು ಅಷ್ಟರಲ್ಲಿ ಎರಡನೆಯ ಸಲ ಬಡಿಸಿಕೊಳ್ಳುತ್ತಿದ್ದರು. ಚೀಲ ಹೊರುವ ಹಮಾಲರ ಪಂಕ್ತಿ ಏಳುವ ಲಕ್ಷಣವಂತೂ ಇರಲಿಲ್ಲ. ಸಾಹುಕಾರರೂ ಉಂಡರು, ಕೊನೆಗೆ ಎಲೆಯನ್ನು ಬೆರಳಿನಿಂದ ಬಳಿದರು. ಕೈ ತೊಳೆದುಕೊಳ್ಳುತ್ತಾ, "ಖೋಲಿ ತಗೋರಿ. ಆದ್ರ ಅನ್ನ ಮಾಡೋದು ನಮ್ಮ ಮನಿಯಾಕಿ ಹತ್ರ ಕಲೀಬೇಕು," ಅಂದರು. ದೊಡ್ಡವ್ವ ನಕ್ಕಳು ನೋಡಿ... ಅಷ್ಟು ತುಂಬು ನಗೆಯನ್ನು ನಾನು ಮತ್ತೆ ಕಂಡಿಲ್ಲ. ಸಂಜೆ ಓಣಿಯ ಗಡಿಗೆಗಳೆಲ್ಲ ಮನೆಮನೆಗೆ ಹಿಂದಿರುಗಿದವು. ಖಾಲಿ ಗಡಿಗೆ ಕೊಡಬಾರದಲ್ಲ, ಒಂದೊಂದರಲ್ಲೂ ಬುತ್ತಿ.

ಆಕೆ ಅನ್ನ ಕಲಿತಳು. ಸಾಹುಕಾರರ ಹೆಂಡತಿ ರೊಟ್ಟಿ ಬಡಿಯಲು ಕಲಿತು ಹಂಚಿನ ಮೇಲೆ ಆಂಧ್ರದ ನಕಾಶೆ ಬಿಡಿಸಿದರು. ಮುಂದೆ ಮಿಲ್ಲಿನ ಪಕ್ಕ ಮಿಲ್ಲುಗಳು ಎದ್ದವು, ಲಾರಿಗಳ ಸಾಲು ನಿಂತಿತು, ಬ್ಯಾಂಕು, ಬಟ್ಟೆ ಅಂಗಡಿ, ರೇಡಿಯೋ ರಿಪೇರಿ ಎಲ್ಲ ಬಂದವು. ದೊಡ್ಡವ್ವನ ಖೋಲಿಯಲ್ಲಿ ಬೆಂಚು ಸಾಲದೆ ಮಂದಿ ಹೊರಗೆ ಕಾಯುತ್ತಿದ್ದರು. ಎಂಬತ್ತರ ದಶಕದಲ್ಲಿ ನಾವು ರಾಯಚೂರಿಗೆ ವರ್ಗವಾಗಿ ಬಂದೆವು. ಆಮೇಲೂ ಮಾನ್ವಿಗೆ ಹೋದಾಗೆಲ್ಲ ಬಸ್ಸಿಳಿದವಳು ನೇರ ಅಲ್ಲಿಗೇ. ಚಪ್ಪಲಿ ಬಿಟ್ಟು ಒಳಗೆ ಹೋಗಿ ಒಲೆಯ ಪಕ್ಕದಲ್ಲಿ ಕೂತುಬಿಡುತ್ತಿದ್ದೆ.

ದೊಡ್ಡವ್ವ ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಮಣ್ಣಾದ ಮೇಲೆ. ಆ ಖೋಲಿಯೂ ಈಗಿಲ್ಲ, ಅಲ್ಲಿ ಗಾಜಿನ ಬಾಗಿಲಿನ ದೊಡ್ಡ ಅಂಗಡಿ ಇದೆ. ಹೋದ ತಿಂಗಳು ಮದುವೆಯೊಂದಕ್ಕೆ ಮಾನ್ವಿಗೆ ಹೋಗಿದ್ದೆ. ತಿರುಗಿ ಬರುವ ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು. ರಸ್ತೆಯ ಎರಡೂ ಬದಿಗೆ ಅಂಗಡಿಗಳೇ ಅಂಗಡಿಗಳು. ಏನಾದರೂ ಕೊಳ್ಳದೆ ಸುಮ್ಮನೆ ಒಳಗೆ ಹೋಗಿ ಕೂಡಬಹುದಾದ ಒಂದು ಬಾಗಿಲೂ ನನಗೆ ಕಾಣಲಿಲ್ಲ. ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು, ದೊಡ್ಡವ್ವನನ್ನು ನೆನೆದು ಅತ್ತುಬಿಟ್ಟೆ.